ಬದಲಾಗದಿರುವ ಹಕ್ಕು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಪ್ರೊಸೆಸರ್ ಕಂಪನಿ ಒಪ್ಪಿದ ಪಟ್ಟಿಯಲ್ಲಿರಬೇಕು. ಹತ್ತು ವರ್ಷದ ಹಿಂದೆ ಕೊಂಡ ಕಂಪ್ಯೂಟರುಗಳು ಆ ಪಟ್ಟಿಯಲ್ಲಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಗಳಲ್ಲಿ ಅಂಥ ಯಂತ್ರಗಳು ಧಾರಾಳ ಇವೆ. ಮಗನೋ ಮಗಳೋ ಇಂಜಿನಿಯರಿಂಗ್ ಓದುವಾಗ ತಂದದ್ದು. ಓದು ಮುಗಿಸಿ ಅವರು ಬೆಂಗಳೂರಿಗೋ ಗಲ್ಫಿಗೋ ಹೋದರು, ಕಂಪ್ಯೂಟರು ಚಾವಡಿಯ ಮೇಜಿನ ಮೇಲೆ ಉಳಿಯಿತು. ಯಂತ್ರವೇನೂ ಕೆಟ್ಟಿಲ್ಲ. ಪಹಣಿ ತೆಗೆಯುವುದಕ್ಕೆ, ಅಡಿಕೆ ಧಾರಣೆ ನೋಡುವುದಕ್ಕೆ, ಭಜನಾ ಮಂಡಳಿಯ ಲೆಕ್ಕ ಬರೆದಿಡುವುದಕ್ಕೆ, ಹಳೆಯ ತಾಳಮದ್ದಳೆ ಕೇಳುವುದಕ್ಕೆ ಅದು ಇನ್ನೂ ಕೆಲವು ವರ್ಷ ಧಾರಾಳ ಸಾಕು. ಅದನ್ನು ಗುಜರಿಗೆ ಹಾಕದೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆ ಹಾಕಿಸುವುದು ದುಡ್ಡಿನ ದೃಷ್ಟಿಯಿಂದಲೂ ನ್ಯಾಯದ ದೃಷ್ಟಿಯಿಂದಲೂ ಸರಿಯಾದ ನಿರ್ಧಾರ.

ನಿರ್ಧಾರದ ಬೆನ್ನಿಗೇ ಒಂದು ಪ್ರಶ್ನೆ ಏಳುತ್ತದೆ: ಯಾವ ಡೆಸ್ಕ್‌ಟಾಪ್? ವಿಂಡೋಸಿನಲ್ಲಿ ಈ ಪ್ರಶ್ನೆಯೇ ಇಲ್ಲ, ಕಂಪನಿ ಕೊಟ್ಟದ್ದೇ ಪರದೆ. ಲಿನಕ್ಸಿನಲ್ಲಿ ಯಂತ್ರ ನಡೆಸುವ ಭಾಗ ಬೇರೆ, ಕಣ್ಣಿಗೆ ಕಾಣುವ ಭಾಗ ಬೇರೆ. ಗ್ನೋಮ್, ಕೆಡಿಇ ಪ್ಲಾಸ್ಮಾ, ಎಕ್ಸ್‌ಎಫ್‌ಸಿಇ, ಸಿನಮನ್, ಮಾಟೆ, ಎಲ್‌ಎಕ್ಸ್‌ಕ್ಯೂಟಿ ಹೀಗೆ ಆಯ್ಕೆಗಳು ಹಲವು. ಯಾವುದನ್ನು ಹಾಕಿದರೂ ಒಳಗಿನ ಲಿಬ್ರೆಆಫೀಸ್ ಅದೇ, ಫೈರ್‌ಫಾಕ್ಸ್ ಅದೇ, ಕಡತಗಳೂ ಅವೇ. ಬದಲಾಗುವುದು ಮೆನು ಎಲ್ಲಿದೆ, ಏನು ಎದುರಿಗಿದೆ, ಏನು ಮರೆಯಲ್ಲಿದೆ, ಇವೆಲ್ಲ ಎಷ್ಟು ವರ್ಷಕ್ಕೊಮ್ಮೆ ಜಾಗ ಬದಲಿಸುತ್ತವೆ ಎಂಬಷ್ಟೇ.

ಈ ಪ್ರಶ್ನೆಯನ್ನು ಹೆಚ್ಚಿನವರು ರುಚಿಯ ಪ್ರಶ್ನೆ ಎಂದುಕೊಳ್ಳುತ್ತಾರೆ. ಯಾವುದು ಚಂದ, ಯಾವುದು ವೇಗ, ಯಾವುದರಲ್ಲಿ ಹೆಚ್ಚು ಸೌಲಭ್ಯ ಎಂದು ಹೋಲಿಸುತ್ತಾರೆ. ಹೋಲಿಸುವವರು ಕಂಪ್ಯೂಟರು ಬಲ್ಲವರು, ಹಾಕಿಕೊಡುವವರೂ ಅವರೇ. ಚೌತಿಗೋ ದೀಪಾವಳಿಗೋ ಊರಿಗೆ ಬಂದವರು ತಮಗೆ ಇಷ್ಟವಾದ ಡೆಸ್ಕ್‌ಟಾಪನ್ನು ಹಾಕಿ, ಹಬ್ಬ ಮುಗಿಸಿ ಬಸ್ಸು ಹತ್ತುತ್ತಾರೆ. ಆ ಪರದೆಯ ಜೊತೆ ವರ್ಷವಿಡೀ ಏಗಬೇಕಾದವರು ಮನೆಯಲ್ಲಿ ಉಳಿದವರು. ಆದ್ದರಿಂದ ನನ್ನ ವಾದ ಇದು: ಮನೆಯ ಕಂಪ್ಯೂಟರಿನ ಡೆಸ್ಕ್‌ಟಾಪನ್ನು ಆ ಮನೆಯಲ್ಲಿ ಕಂಪ್ಯೂಟರು ಎಲ್ಲರಿಗಿಂತ ಕಡಿಮೆ ಬಲ್ಲವರನ್ನು ನೋಡಿ ಆರಿಸಬೇಕು. ಹಾಗೆ ಆರಿಸುವಾಗ ಎಲ್ಲಕ್ಕಿಂತ ಮೇಲೆ ತೂಗಬೇಕಾದ ಗುಣ ಸ್ಥಿರತೆ. ಮುಕ್ತ ತಂತ್ರಾಂಶ ಒಂದು ಸಂಸಾರಕ್ಕೆ ಕೊಡುವ ದೊಡ್ಡ ಸ್ವಾತಂತ್ರ್ಯ ಬಣ್ಣ ಬದಲಿಸುವುದಲ್ಲ. ತನಗೆ ಬೇಡದ ಬದಲಾವಣೆಯನ್ನು ಬೇಡವೆನ್ನುವುದು.

ಈ ಮಾತಿಗೆ ಡೆಸ್ಕ್‌ಟಾಪುಗಳ ಚರಿತ್ರೆಯೇ ಆಧಾರ. 1996ರ ಅಕ್ಟೋಬರ್ 14ರಂದು ಜರ್ಮನಿಯ ಮಥಿಯಾಸ್ ಎಟ್ರಿಚ್ ಎಂಬ ವಿದ್ಯಾರ್ಥಿ ಕೆಡಿಇ ಯೋಜನೆಯನ್ನು ಘೋಷಿಸಿದಾಗ ಅವನ ಉದ್ದೇಶ ಸ್ಪಷ್ಟವಿತ್ತು: ಇದು ಯಂತ್ರ ನಿರ್ವಹಿಸುವ ತಜ್ಞರಿಗಲ್ಲ, ದಿನಬಳಕೆಯ ಸಾಮಾನ್ಯರಿಗೆ. ವಿಂಡೋಸ್ 10ರ ಬೆಂಬಲ ಮುಗಿದದ್ದು ಸರಿಯಾಗಿ ಅದಕ್ಕೆ 29 ವರ್ಷ ತುಂಬಿದ ದಿನ. ಅದೇ 1996ರಲ್ಲಿ ಒಲಿವಿಯೆ ಫೂರ್ದಾಂ ಎಕ್ಸ್‌ಎಫ್‌ಸಿಇಯನ್ನು ಆರಂಭಿಸಿದರು. ಕೆಡಿಇ ಆಧರಿಸಿದ್ದ ಕ್ಯೂಟಿ ಎಂಬ ಸಾಧನದ ಪರವಾನಗಿ ಆಗ ಪೂರ್ತಿ ಮುಕ್ತವಾಗಿರಲಿಲ್ಲ. ಆ ಕಾರಣಕ್ಕೆ 1997ರ ಆಗಸ್ಟ್‌ನಲ್ಲಿ ಮೆಕ್ಸಿಕೋದ ಮಿಗೆಲ್ ದೆ ಇಕಾಸಾ ಮತ್ತು ಫೆದೆರಿಕೊ ಮೆನಾ ಗ್ನೋಮ್ ಶುರುಮಾಡಿದರು.

ಮುಖ್ಯ ತಿರುವು ಬಂದದ್ದು 2011ರ ಏಪ್ರಿಲ್‌ನಲ್ಲಿ. ಅಷ್ಟು ವರ್ಷ ಜನ ಬಳಸಿ ರೂಢಿಯಾಗಿದ್ದ ಗ್ನೋಮ್ 2ರ ಜಾಗಕ್ಕೆ ಗ್ನೋಮ್ 3 ಬಂತು. ಕೆಳಗಿನ ಪಟ್ಟಿ ಹೋಯಿತು, ಮೆನು ಹೋಯಿತು, ಕಿಟಕಿಯನ್ನು ಕೆಳಗಿಳಿಸುವ ಗುಂಡಿಯೂ ಹೋಯಿತು. ಮಾಡಿದವರಿಗೆ ತಮ್ಮದೇ ಆದ ಕಾರಣಗಳಿದ್ದವು, ಆ ವಿನ್ಯಾಸವನ್ನು ಮೆಚ್ಚಿದವರೂ ಇದ್ದರು. ಆದರೆ ಬೇಡ ಅಂದವರು ಬರಿದೇ ಗೊಣಗಿ ಸುಮ್ಮನಾಗಬೇಕಾಗಲಿಲ್ಲ. ಅರ್ಜೆಂಟೀನಾದ ಒಬ್ಬ ಬಳಕೆದಾರ ಗ್ನೋಮ್ 2ರ ಮೂಲ ಸಂಕೇತವನ್ನೇ ಎತ್ತಿಕೊಂಡು ಮಾಟೆ ಎಂಬ ಹೆಸರಿನಲ್ಲಿ ಮುಂದುವರಿಸಿದ. ಲಿನಕ್ಸನ್ನು ಸಿದ್ಧಪಡಿಸಿ ಹಂಚುವ ವಿತರಣೆಗಳಲ್ಲಿ ಒಂದಾದ ಲಿನಕ್ಸ್ ಮಿಂಟ್‌ನವರು ಗ್ನೋಮ್ 3ರ ಅಡಿಪಾಯದ ಮೇಲೆ ಹಳೆಯ ರೂಢಿಯ ಮೆನು ಮತ್ತು ಪಟ್ಟಿ ಇರುವ ಸಿನಮನ್ ಕಟ್ಟಿದರು. ಇನ್ನೊಂದು ವಿತರಣೆಯಾದ ಉಬುಂಟು ಅದೇ ವರ್ಷ ತನ್ನದೇ ಯೂನಿಟಿಯನ್ನು ಎಲ್ಲರ ಮುಂದಿಟ್ಟು, 2017ರಲ್ಲಿ ಅದನ್ನು ಕೈಬಿಟ್ಟು ಮತ್ತೆ ಗ್ನೋಮ್ ಹಿಡಿಯಿತು. ಉಬುಂಟು ಕೊಟ್ಟದ್ದನ್ನೇ ಬಳಸುತ್ತ ಬಂದ ಮನೆಯವರು ಏಳು ವರ್ಷದೊಳಗೆ ಎರಡು ಸಲ ಹೊಸ ಪರದೆ ಕಲಿಯಬೇಕಾಯಿತು. ಮಾಟೆ ಹಿಡಿದವರಿಗೆ ಆ ಕಷ್ಟ ಬರಲಿಲ್ಲ. ವಿಂಡೋಸ್ 7ರಿಂದ 8ಕ್ಕೆ ಹೋದಾಗ ಸ್ಟಾರ್ಟ್ ಮೆನು ಕಳೆದುಕೊಂಡವರಿಗೆ ಇಂಥ ದಾರಿ ಇರಲಿಲ್ಲ. ಅಲ್ಲಿ ಸಂಕೇತ ಕಂಪನಿಯದು, ಇಲ್ಲಿ ಯಾರೂ ಎತ್ತಿ ಮುಂದುವರಿಸಬಹುದಾದ್ದು. ಮುಕ್ತ ಪರವಾನಗಿ ಎಂಬ ಕಾನೂನಿನ ಮಾತು ಒಂದು ಮನೆಯ ಮೇಜಿನ ತನಕ ಇಳಿದು ಬರುವುದು ಹೀಗೆ.

ಸ್ಥಿರತೆ ಯಾಕೆ ಅಷ್ಟು ಮುಖ್ಯ ಎಂಬುದು ಫೋನಿನಲ್ಲಿ ಗೊತ್ತಾಗುತ್ತದೆ. ನಮ್ಮ ಕಡೆಯ ಕಂಪ್ಯೂಟರು ದುರಸ್ತಿಯಲ್ಲಿ ಅರ್ಧ ನಡೆಯುವುದು ದೂರದೂರಿನ ಮಕ್ಕಳ ಕರೆಯಲ್ಲೇ.

“ಅಪ್ಪಾ, ಎಡಗಡೆ ಕೆಳಗೆ ಮೆನು ಅಂತ ಒಂದು ಉಂಟಲ್ಲ, ಅದನ್ನೊಮ್ಮೆ ಒತ್ತಿ.”

“ಒತ್ತಿದೆ.”

“ಈಗ ಆಫೀಸ್ ಅಂತ ಕಾಣ್ತದಾ?”

“ಹ್ಞಾಂ, ಉಂಟು.”

ಸಿನಮನ್, ಎಕ್ಸ್‌ಎಫ್‌ಸಿಇ, ಮಾಟೆಗಳಲ್ಲಿ ಸಂಭಾಷಣೆ ಇಷ್ಟಕ್ಕೇ ಮುಗಿಯುತ್ತದೆ. ಮೆನು ಒಂದು ಜಾಗದಲ್ಲಿ ನಿಂತಿರುತ್ತದೆ, ತೆರೆದ ಕಿಟಕಿಗಳ ಹೆಸರು ಪಟ್ಟಿಯಲ್ಲಿ ಸಾಲಾಗಿರುತ್ತವೆ, ಹೇಳುವವರಿಗೂ ಕೇಳುವವರಿಗೂ ಕಣ್ಣೆದುರು ಒಂದೇ ಚಿತ್ರ. ಗ್ನೋಮಿನಲ್ಲಾದರೆ ಮೌಸನ್ನು ಎಡ ಮೇಲಿನ ಮೂಲೆಗೆ ಒಯ್ಯಬೇಕು, ಆಗ ಕಿಟಕಿಗಳೆಲ್ಲ ಕುಗ್ಗುತ್ತವೆ, ಕೆಳಗೊಂದು ಸಾಲು ಏಳುತ್ತದೆ, ಅದರ ಕೊನೆಯ ಚುಕ್ಕೆಗಳ ಗುರುತು ಒತ್ತಬೇಕು. ನೋಡಿ ಕಲಿತವರಿಗೆ ಇದು ಕ್ಷಣದ ಕೆಲಸ. ಕೇಳಿ ಮಾಡಬೇಕಾದವರಿಗೆ, ಅದರಲ್ಲೂ ಮೂಲೆಗೆ ಮೌಸ್ ತಾಗಿದ ಕೂಡಲೇ ಪರದೆಯೇ ಬೇರೆಯಾದದ್ದು ಕಂಡು ಕೈ ಹಿಂದೆಗೆಯುವವರಿಗೆ, ಕ್ಷಣದ್ದಲ್ಲ. ಕೆಡಿಇ ಪ್ಲಾಸ್ಮಾದ ತೊಡಕು ಬೇರೆ. ಅಲ್ಲಿ ಮೆನು, ಪಟ್ಟಿ ಎಲ್ಲ ರೂಢಿಯ ಜಾಗದಲ್ಲೇ ಇವೆ. ಆದರೆ ಬದಲಿಸಲಾಗದ್ದು ಎಂಬುದು ಅಲ್ಲಿ ಬಹಳ ಕಡಿಮೆ. ತಿಳಿಯದೆ ಬಲಗುಂಡಿ ಒತ್ತಿ ಒಳಹೊಕ್ಕವರು ಕೆಳಗಿನ ಪಟ್ಟಿಯನ್ನೇ ಕಳೆದುಕೊಂಡು ಕೂರಬಹುದು. ಎಕ್ಸ್‌ಎಫ್‌ಸಿಇಯಲ್ಲಿಯೂ ಪಟ್ಟಿಯನ್ನು ಹಾಳುಮಾಡಿಕೊಳ್ಳಬಹುದು. ಅದಕ್ಕೇ ಅದರಲ್ಲಿ ಪಟ್ಟಿಗೆ ಬೀಗ ಹಾಕುವ ಏರ್ಪಾಡಿದೆ, ಹಾಕಿಕೊಡುವವರು ಅದನ್ನು ಮರೆಯಬಾರದು.

ಇನ್ನು ಬರವಣಿಗೆಯ ಪ್ರಶ್ನೆ. ಮನೆಯ ಮಾತು ತುಳುವಾದರೂ ಕೊಂಕಣಿಯಾದರೂ ಬ್ಯಾರಿಯಾದರೂ ನಮ್ಮಲ್ಲಿ ಬರೆಯುವುದಕ್ಕೆ ಬಳಸುವುದು ಹೆಚ್ಚಾಗಿ ಕನ್ನಡ ಲಿಪಿಯನ್ನೇ. ಕನ್ನಡದಲ್ಲಿ ಟೈಪ್ ಮಾಡಲು ಬಾರದ ಕಂಪ್ಯೂಟರು ಈ ಊರಿನ ಮಟ್ಟಿಗೆ ಅರ್ಧ ಕಂಪ್ಯೂಟರು. ಒಂದು ಒಳ್ಳೆಯ ಸಂಗತಿ ಎಂದರೆ ಅಕ್ಷರ ಮೂಡುವುದರಲ್ಲಿ ಈ ಡೆಸ್ಕ್‌ಟಾಪುಗಳ ನಡುವೆ ಭೇದವಿಲ್ಲ. ಒತ್ತಕ್ಷರ, ಗುಣಿತ, ಅರ್ಕಾವೊತ್ತು ಜೋಡಿಸುವ ಹಾರ್ಫ್‌ಬಜ್ ಎಂಬ ಭಾಗ ಗ್ನೋಮಿಗೂ ಕೆಡಿಇಗೂ ಉಳಿದವಕ್ಕೂ ಒಂದೇ. ಭೇದವಿರುವುದು ಕೀಲಿಮಣೆಯನ್ನು ಹೊಂದಿಸುವ ಕ್ರಮದಲ್ಲಿ.

ನಮ್ಮಲ್ಲಿ ಕನ್ನಡ ಟೈಪಿಂಗ್ ಬಲ್ಲವರಿಗೆ ಕೈಗೆ ಕುಳಿತಿರುವುದು ನುಡಿ ತಂತ್ರಾಂಶದ ವಿನ್ಯಾಸ. ಅದರ ಮೂಲ ನಮ್ಮದೇ ಜಿಲ್ಲೆಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ. ಅದನ್ನೇ ಕರ್ನಾಟಕ ಸರಕಾರ ಅಧಿಕೃತವೆಂದು ಒಪ್ಪಿತು. ಬಂಟ್ವಾಳ ಎಂದು ಬರೆಯಲು ಅದರಲ್ಲಿ ಬಿ, ದೊಡ್ಡ ಎಂ, ಕ್ಯೂ, ಎಫ್, ವಿ, ದೊಡ್ಡ ಎ, ದೊಡ್ಡ ಎಲ್ ಎಂಬ ಏಳು ಕೀಲಿ ಸಾಕು. ಕ್ಯೂ ಎಂದರೆ ಟ, ಎಫ್ ಎಂದರೆ ಮುಂದಿನ ಅಕ್ಷರವನ್ನು ಒತ್ತಾಗಿಸುವ ಕೊಂಡಿ. ಇದು ಒಮ್ಮೆ ಬೆರಳಿಗೆ ಬಂದವರು ಬೇರೆ ವಿನ್ಯಾಸಕ್ಕೆ ಸುಲಭವಾಗಿ ಒಗ್ಗುವುದಿಲ್ಲ, ಒಗ್ಗಬೇಕಾದ ಅಗತ್ಯವೂ ಇಲ್ಲ. ಲಿನಕ್ಸಿನಲ್ಲಿ ಐಬಸ್ ಮತ್ತು ಎಂ17ಎನ್ ಎಂಬ ಎರಡು ತಂತ್ರಾಂಶ ಸೇರಿಸಿದರೆ ಇದೇ ವಿನ್ಯಾಸ ಕೆಜಿಪಿ ಎಂಬ ಹೆಸರಿನಲ್ಲಿ ಸಿಗುತ್ತದೆ. ನೇರವಾಗಿ ಕೀಲಿಮಣೆಗಳ ಪಟ್ಟಿಯಿಂದಲೇ ಕಗಪ ಎಂಬುದನ್ನು ಆರಿಸುವ ದಾರಿಯೂ ಇದೆ. ಆದರೆ ಅಲ್ಲಿ ಪ್ರತಿ ಕೀಲಿಯೂ ಒಂಟಿಯಾಗಿ ಕೆಲಸ ಮಾಡುತ್ತದೆ. ಒಂದೇ ಕೀಲಿ ಪದದ ಮೊದಲಿಗೆ ಬಂದಾಗ ಸ್ವರ, ವ್ಯಂಜನದ ಬೆನ್ನಿಗೆ ಬಂದಾಗ ಗುಣಿತ ಎಂಬ ನುಡಿಯ ಜಾಣ್ಮೆ ಅದಕ್ಕಿಲ್ಲ. ಹಾಗಾಗಿ ನುಡಿ ಬಲ್ಲವರಿಗೆ ಐಬಸ್ ದಾರಿಯೇ ಸರಿ.

ಈ ಒಂದು ವಿಷಯದಲ್ಲಿ ಗ್ನೋಮ್ ಮುಂದಿದೆ ಎಂದು ಒಪ್ಪಬೇಕು. 2012ರಿಂದಲೇ ಅದರಲ್ಲಿ ಐಬಸ್ ಒಳಗೇ ಬೆರೆತಿದೆ; ಸೆಟ್ಟಿಂಗ್ಸಿನಲ್ಲಿ ಕೀಲಿಮಣೆ ಎಂಬಲ್ಲಿ ಕನ್ನಡ ಸೇರಿಸಿದರೆ ಕೆಲಸ ಮುಗಿಯಿತು. ಉಳಿದ ಡೆಸ್ಕ್‌ಟಾಪುಗಳಲ್ಲಿ ಐಬಸ್ ಅನ್ನು ಬೇರೆಯಾಗಿ ಹೊಂದಿಸಬೇಕು, ಒಮ್ಮೆ ಲಾಗೌಟ್ ಆಗಿ ಬರಬೇಕು. ಆದರೆ ಈ ತೊಂದರೆ ಯಾರದ್ದು, ಎಷ್ಟು ಸಲದ್ದು ಎಂದು ನೋಡಿ. ಹಾಕಿಕೊಡುವವರದ್ದು, ಒಂದೇ ಸಲದ್ದು. ಪರದೆಯ ಅಪರಿಚಿತತೆಯಾದರೆ ಬಳಸುವವರದ್ದು, ದಿನದಿನದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವಾಗ ಬಳಸುವವರ ಕಡೆಗೇ ವಾಲಬೇಕು.

ಮೆನುಗಳ ಕನ್ನಡದ ವಿಷಯಕ್ಕೆ ಬಂದರೆ ಸ್ಥಿರತೆಯ ಇನ್ನೊಂದು ಲಾಭ ಕಾಣುತ್ತದೆ. ಡೆಸ್ಕ್‌ಟಾಪುಗಳಿಗೆ ಕನ್ನಡ ಬಂದದ್ದು ಕೆಲವೇ ಕೆಲವು ಜನರ ದುಡಿಮೆಯಿಂದ. ಸಾವಿರಾರು ಸಾಲುಗಳನ್ನು ಅವರು ಕನ್ನಡಕ್ಕೆ ತಂದರು. ಡೆಸ್ಕ್‌ಟಾಪು ತನ್ನ ಮೆನುಗಳನ್ನು ಕಿತ್ತು ಹೊಸದಾಗಿ ಕಟ್ಟಿದಾಗಲೆಲ್ಲ ಆ ದುಡಿಮೆಯ ಒಂದು ಪಾಲು ನೀರುಪಾಲಾಗುತ್ತದೆ, ಹೊಸ ಸಾಲುಗಳು ಇಂಗ್ಲಿಷಿನಲ್ಲಿ ಉಳಿಯುತ್ತವೆ. ಕನ್ನಡ ಆರಿಸಿದ ಪರದೆಯಲ್ಲಿ ಇಂದು ಇಂಗ್ಲಿಷ್ ಅಲ್ಲಲ್ಲಿ ಇಣುಕುವುದಕ್ಕೆ ಇದೂ ಒಂದು ಕಾರಣ. ಜರ್ಮನ್, ಫ್ರೆಂಚ್ ಭಾಷೆಗಳಲ್ಲಿ ಮತ್ತೆ ಮತ್ತೆ ಅನುವಾದಿಸುವುದಕ್ಕೆ ಬೇಕಾದಷ್ಟು ಜನ ಇದ್ದಾರೆ. ನಮ್ಮಲ್ಲಿ ಇಲ್ಲ. ಕೈ ಕಡಿಮೆ ಇರುವ ಭಾಷೆಗೆ ಬದಲಾವಣೆ ಬಹಳ ದುಬಾರಿ. ನಿಧಾನವಾಗಿ ಬದಲಾಗುವ ಡೆಸ್ಕ್‌ಟಾಪಿನಲ್ಲಿ ಒಮ್ಮೆ ಮಾಡಿದ ಕನ್ನಡ ಬಹುಕಾಲ ಬಾಳುತ್ತದೆ.

ನಿಧಾನ ಎಂದರೆ ಹಿಂದುಳಿಯುವುದಲ್ಲ ಎಂಬುದಕ್ಕೆ ಬಂಟ್ವಾಳದ ಗಡಿ ದಾಟಿದರೆ ಸಾಕ್ಷಿ ಸಿಗುತ್ತದೆ. ವಿಟ್ಲದಿಂದ ಆಚೆ ಮಂಜೇಶ್ವರ, ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರು ಕಲಿಯುವುದು ಲಿನಕ್ಸಿನಲ್ಲೇ. ಕೇರಳ ಸರಕಾರ 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಆರಂಭಿಸಿತು. ಕೆಲವೇ ವರ್ಷಗಳಲ್ಲಿ ಅದು ಪೂರ್ತಿಯಾಗಿ ಮುಕ್ತ ತಂತ್ರಾಂಶಕ್ಕೆ ಬಂತು, 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಐಟಿ ಪಠ್ಯಪುಸ್ತಕ ಕನ್ನಡದಲ್ಲೂ ಇದೆ, ಎಸ್ಸೆಸ್ಸೆಲ್ಸಿಯ ಐಟಿ ಪರೀಕ್ಷೆ ನಡೆಯುವುದೂ ಮುಕ್ತ ತಂತ್ರಾಂಶದಲ್ಲೇ. ಅಷ್ಟು ದೊಡ್ಡ ವ್ಯವಸ್ಥೆ ಹೊಸ ಆವೃತ್ತಿ ಬಂದಾಗಲೆಲ್ಲ ಅದರ ಹಿಂದೆ ಓಡಲಿಲ್ಲ. ಉಬುಂಟುವಿನ 2018ರ ದೀರ್ಘಾವಧಿ ಆವೃತ್ತಿಯ ಮೇಲೆ ತನ್ನದನ್ನು ಕಟ್ಟಿ ವರ್ಷಗಟ್ಟಲೆ ಅದರಲ್ಲೇ ನಿಂತು, ಬಳಿಕ 2022ರದ್ದಕ್ಕೆ ಬಂತು. ಪುಸ್ತಕದ ಚಿತ್ರಕ್ಕೂ ಪರದೆಗೂ ಹೊಂದಿಕೆ ಇರಬೇಕು, ಮೇಷ್ಟ್ರಿಗೆ ತರಬೇತಿ ಆಗಬೇಕು, ಪರೀಕ್ಷೆ ಎಲ್ಲ ಶಾಲೆಗಳಲ್ಲಿ ಒಂದೇ ರೀತಿ ನಡೆಯಬೇಕು. ಮನೆಗೂ ಇದೇ ನ್ಯಾಯ ಅನ್ವಯಿಸುತ್ತದೆ. ಅಮ್ಮ ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡ “ಪ್ರಿಂಟ್ ತೆಗೆಯುವ ಕ್ರಮ” ಮುಂದಿನ ವರ್ಷವೂ ನಿಜವಾಗಿರಬೇಕು.

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪಗಳಿವೆ. ಮೊದಲನೆಯದು, ಹೊಸದನ್ನು ಕಲಿಯುವುದರಲ್ಲಿ ತಪ್ಪೇನು ಎಂಬುದು. ಕಲಿಯುವುದು ಒಳ್ಳೆಯದೇ. ಆದರೆ ಕಲಿಕೆಗೆ ಅರ್ಹವಾದದ್ದು ಲೆಕ್ಕದ ಹಾಳೆಯಲ್ಲಿ ಸೂತ್ರ ಹಾಕುವುದು, ಫೋಟೋಗಳನ್ನು ಜೋಪಾನ ಮಾಡುವುದು, ಮೋಸದ ಜಾಲತಾಣ ಗುರುತಿಸುವುದು. ನಿನ್ನೆ ಕೆಳಗಿದ್ದ ಗುಂಡಿ ಇಂದು ಮೇಲೆ ಹೋಗಿದೆ ಎಂದು ತಿಳಿದುಕೊಳ್ಳುವುದು ಕಲಿಕೆಯಲ್ಲ, ಕಳೆದುಕೊಂಡದ್ದನ್ನು ಹುಡುಕಿಕೊಳ್ಳುವುದು ಅಷ್ಟೇ. ಅರುವತ್ತು ದಾಟಿದವರು ಕಂಪ್ಯೂಟರಿಗೆ ಎತ್ತಿಡುವ ಉತ್ಸಾಹ ಮಿತವಾದದ್ದು, ಅದು ಗುಂಡಿ ಹುಡುಕುವುದರಲ್ಲಿ ಖರ್ಚಾಗಬಾರದು.

ಎರಡನೆಯದು, ಮೊಬೈಲಿನಲ್ಲಿ ಬೆಳೆದ ಮಕ್ಕಳಿಗೆ ಗ್ನೋಮೇ ಹತ್ತಿರದ್ದು ಎಂಬುದು. ಇದು ನಿಜ. ಚಿತ್ರಗಳ ಸಾಲು, ಹುಡುಕುವ ಪೆಟ್ಟಿಗೆ, ಅಡ್ಡಿ ಮಾಡದ ಖಾಲಿ ಪರದೆ ಅವರಿಗೆ ಹಿತವೆನಿಸುತ್ತದೆ. ಇದಕ್ಕೆ ಲಿನಕ್ಸಿನಲ್ಲೇ ಪರಿಹಾರವಿದೆ. ಒಂದೇ ಯಂತ್ರದಲ್ಲಿ ಒಬ್ಬೊಬ್ಬರಿಗೆ ಬೇರೆ ಬೇರೆ ಖಾತೆ ಮಾಡಿ, ಲಾಗಿನ್ ಆಗುವಾಗ ಅವರವರ ಡೆಸ್ಕ್‌ಟಾಪು ಬರುವಂತೆ ಮಾಡಬಹುದು. ಮೂಡುಬಿದಿರೆಯಲ್ಲೋ ಉಜಿರೆಯಲ್ಲೋ ಕಾಲೇಜಿಗೆ ಹೋಗುವ ಮಗಳಿಗೆ ಅವಳ ಇಷ್ಟದ್ದು, ಅಜ್ಜನಿಗೆ ಅವರ ರೂಢಿಯದ್ದು. ಒಂದು ಎಚ್ಚರಿಕೆ ಬೇಕು: ಹೆಚ್ಚು ಡೆಸ್ಕ್‌ಟಾಪುಗಳನ್ನು ಒಟ್ಟಿಗೆ ತುಂಬಿದರೆ ಮೆನುವಿನಲ್ಲಿ ಒಂದೇ ಕೆಲಸಕ್ಕೆ ಎರಡೆರಡು ತಂತ್ರಾಂಶ ಸೇರಿ ಗೊಂದಲವಾಗುತ್ತದೆ. ಎರಡಕ್ಕೇ ನಿಲ್ಲಿಸುವುದು ಒಳಿತು.

ಮೂರನೆಯದೇ ನಿಜವಾದ ತೂಕದ ಆಕ್ಷೇಪ. ಹಳೆಯ ರೂಢಿಯ ಡೆಸ್ಕ್‌ಟಾಪುಗಳಲ್ಲಿ ಕೆಲಸ ಮಾಡುವ ಜನ ಕಡಿಮೆ, ತಳದ ತಂತ್ರಜ್ಞಾನದ ಬದಲಾವಣೆಗಳು ಅವಕ್ಕೆ ತಡವಾಗಿ ತಲುಪುತ್ತವೆ. ದಶಕಗಳಿಂದ ಪರದೆ ಚಿತ್ರಿಸುತ್ತ ಬಂದ ಎಕ್ಸ್11 ವ್ಯವಸ್ಥೆಯಲ್ಲಿ ಒಂದು ತಂತ್ರಾಂಶ ಒತ್ತಿದ ಕೀಲಿಗಳನ್ನು ಇನ್ನೊಂದು ಕದ್ದು ನೋಡಬಲ್ಲದು. ಅದರ ಜಾಗಕ್ಕೆ ಬಂದ ವೇಲ್ಯಾಂಡ್ ಈ ದೋಷವನ್ನು ಮುಚ್ಚಿದೆ. ಗ್ನೋಮ್, ಕೆಡಿಇಗಳು ವೇಲ್ಯಾಂಡಿಗೆ ಬಹುತೇಕ ದಾಟಿವೆ. ಸಿನಮನ್ ಅದನ್ನು ಪ್ರಯೋಗವಾಗಿ 2023ರಲ್ಲಿ ಶುರುಮಾಡಿತು, ಎಕ್ಸ್‌ಎಫ್‌ಸಿಇಯ 2024ರ ಡಿಸೆಂಬರ್ ಆವೃತ್ತಿಯಲ್ಲಿ ಅದರ ಮೊದಲ ಹೆಜ್ಜೆಗಳಿವೆ. ಸ್ಥಿರತೆಗೆ ನಾವು ತೆರುವ ಬೆಲೆ ಇದು. ಈ ಬೆಲೆಯನ್ನು ತೆರಬಹುದು ಎಂದೇ ನನ್ನ ಅಭಿಪ್ರಾಯ, ಒಂದು ಷರತ್ತಿನ ಮೇಲೆ: ವಿತರಣೆಯ ಅಧಿಕೃತ ಭಂಡಾರದಿಂದಲ್ಲದೆ ಎಲ್ಲೆಲ್ಲಿಂದಲೋ ತಂದ ತಂತ್ರಾಂಶ ಹಾಕಬಾರದು, ಭದ್ರತಾ ಪರಿಷ್ಕರಣೆಗಳನ್ನು ತಪ್ಪಿಸಬಾರದು. ಲಿನಕ್ಸ್ ಮಿಂಟ್ 22 ಬಂದದ್ದು 2024ರ ಜುಲೈಯಲ್ಲಿ, ಅದಕ್ಕೆ 2029ರ ತನಕ ಪರಿಷ್ಕರಣೆ ಸಿಗುತ್ತದೆ. ಭದ್ರತೆ ತಿಂಗಳು ತಿಂಗಳು ಹೊಸದಾಗಲಿ, ಪರದೆ ಐದು ವರ್ಷಕ್ಕೊಮ್ಮೆ ಆದರೆ ಸಾಕು. ಶಿಶಿಲ, ನೆರಿಯದಂಥ ಗುಡ್ಡದ ಕಡೆ ನೆಟ್‌ವರ್ಕ್ ಸಿಗುವುದೇ ಕಷ್ಟವಿರುವ ಮನೆಗಳಲ್ಲಿ ದಿನಾ ದೊಡ್ಡ ದೊಡ್ಡ ಪರಿಷ್ಕರಣೆ ಬೇಡುವ ವಿತರಣೆಗಳು ಹೇಗೂ ನಡೆಯುವುದಿಲ್ಲ.

ನನ್ನ ನಿಯಮಕ್ಕೆ ಒಂದು ಅಪವಾದವನ್ನು ಸಂತೋಷದಿಂದಲೇ ಹೇಳುತ್ತೇನೆ. ಮನೆಯಲ್ಲಿ ಕಣ್ಣು ಕಾಣದವರಿದ್ದರೆ ಅವರ ಅಗತ್ಯ ಉಳಿದೆಲ್ಲಕ್ಕಿಂತ ಮೊದಲು. ಪರದೆಯನ್ನು ಓದಿ ಹೇಳುವ ಓರ್ಕಾ ತಂತ್ರಾಂಶ ಗ್ನೋಮಿನ ಜೊತೆಗೇ ಬೆಳೆದದ್ದು, ಅಲ್ಲಿ ಅದರ ಹೊಂದಿಕೆ ಚೆನ್ನಾಗಿದೆ. ಇಸ್ಪೀಕ್ ಧ್ವನಿಯಲ್ಲಿ ಕನ್ನಡವೂ ಇದೆ. ಧ್ವನಿ ಯಾಂತ್ರಿಕವಾದರೂ ಪತ್ರಿಕೆ ಓದಿಸಿಕೊಳ್ಳುವುದಕ್ಕೆ ನೆರವಾಗುತ್ತದೆ. ಇಲ್ಲೂ ನಿಯಮದ ತಿರುಳು ಉಳಿಯುತ್ತದೆ: ಹೆಚ್ಚು ಕಷ್ಟ ಯಾರಿಗೋ, ಆಯ್ಕೆ ಅವರನ್ನು ನೋಡಿ. ಮುದ್ರಣಾಲಯದವರ ಮಾತು ಬೇರೆ. ಬಿ.ಸಿ. ರೋಡಿನಲ್ಲಿ ಮದುವೆ ಕಾಗದ ಮುದ್ರಿಸುವವರಿಗೆ ಹಳೆಯ ಫಾಂಟುಗಳೂ ಹಳೆಯ ಪುಟವಿನ್ಯಾಸದ ತಂತ್ರಾಂಶವೂ ಬೇಕು. ಅವರಿಗೆ ವಿಂಡೋಸ್ ಬಿಡಿ ಎಂದು ನಾನು ಹೇಳುವುದಿಲ್ಲ.

ಯಂತ್ರದ ಶಕ್ತಿಯ ಬಗ್ಗೆ ಒಂದು ಮಾತು. ಹಳೆಯ ಯಂತ್ರಕ್ಕೆ ಹಗುರ ಡೆಸ್ಕ್‌ಟಾಪ್ ಬೇಕು ಎಂಬುದು ಸಾಮಾನ್ಯ ಸಲಹೆ. ಅದು ಅರ್ಧ ನಿಜ. ಎಕ್ಸ್‌ಎಫ್‌ಸಿಇ ಗ್ನೋಮಿಗಿಂತ ಕಡಿಮೆ ರ‍್ಯಾಮ್ ಹಿಡಿಯುತ್ತದೆ, ಆದರೆ ಬ್ರೌಸರಿನಲ್ಲಿ ನಾಲ್ಕು ಪುಟ ತೆರೆದಾಗ ಆ ಉಳಿತಾಯವನ್ನು ಬ್ರೌಸರೇ ನುಂಗುತ್ತದೆ. ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಆಗುವ ವ್ಯತ್ಯಾಸ ಯಾವ ಡೆಸ್ಕ್‌ಟಾಪಿನಿಂದಲೂ ಆಗುವುದಿಲ್ಲ. ಆದ್ದರಿಂದ ದುಡ್ಡನ್ನು ಮೊದಲು ಅದಕ್ಕೆ ಹಾಕಿ. ಆಮೇಲೆ 4 ಜಿಬಿ ರ‍್ಯಾಮ್ ಇದ್ದರೆ ಎಕ್ಸ್‌ಎಫ್‌ಸಿಇ, 8 ಜಿಬಿ ಇದ್ದರೆ ಸಿನಮನ್ ಎಂಬುದು ನನ್ನ ಸಲಹೆ. ಎರಡೂ ಲಿನಕ್ಸ್ ಮಿಂಟ್‌ನಲ್ಲಿ ಸಿದ್ಧವಾಗಿಯೇ ಸಿಗುತ್ತವೆ. ಹಾಕುವ ಮೊದಲು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು, ಯಂತ್ರದಲ್ಲಿರುವ ಯಾವುದನ್ನೂ ಮುಟ್ಟಬೇಕಿಲ್ಲ.

ಆ ಪೆನ್‌ಡ್ರೈವಿನ ಎದುರು ಕೂರಬೇಕಾದವರು ಮನೆಯಲ್ಲಿ ಉಳಿಯುವವರು. ಅವರಿಗೆ ಮೂರು ಕೆಲಸ ಕೊಡಿ: ಒಂದು ಪಹಣಿ ತೆಗೆದು ಪ್ರಿಂಟ್ ಮಾಡಲಿ, ಕನ್ನಡದಲ್ಲಿ ನಾಲ್ಕು ಸಾಲಿನ ಕಾಗದ ಬರೆದು ಉಳಿಸಲಿ, ಮೊಬೈಲಿನ ಫೋಟೋಗಳನ್ನು ಕಂಪ್ಯೂಟರಿಗೆ ಇಳಿಸಲಿ. ನೀವು ಮೌಸ್ ಮುಟ್ಟದೆ ಪಕ್ಕದಲ್ಲಿ ಕುಳಿತು ನೋಡಿ. ಅವರ ಕೈ ಯಾವ ಪರದೆಯಲ್ಲಿ ಕಡಿಮೆ ತಡೆಯಿತೋ ಅದನ್ನೇ ಹಾಕಿ, ಹಾಕಿದ ಮೇಲೆ ವರ್ಷಗಟ್ಟಲೆ ಅದನ್ನು ಕದಲಿಸಬೇಡಿ. ನಿಮ್ಮ ಮೆಚ್ಚಿನ ಡೆಸ್ಕ್‌ಟಾಪು ನಿಮ್ಮ ಲ್ಯಾಪ್‌ಟಾಪಿನಲ್ಲಿರಲಿ. ನಮ್ಮ ಮೂರೂ ತಾಲೂಕುಗಳಲ್ಲಿ ಇಂಜಿನಿಯರಿಂಗ್, ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಕೊರತೆಯಿಲ್ಲ. ಮೂಲೆಗೆ ಬಿದ್ದ ಕಂಪ್ಯೂಟರುಗಳಿಗೂ ಕೊರತೆಯಿಲ್ಲ. ಒಬ್ಬೊಬ್ಬ ವಿದ್ಯಾರ್ಥಿ ಒಂದೊಂದು ಮನೆಯಲ್ಲಿ ಹೀಗೆ ಅರ್ಧ ದಿನ ಕುಳಿತರೆ ಆ ಯಂತ್ರಗಳು ಮತ್ತೆ ಕೆಲಸಕ್ಕೆ ಬರುತ್ತವೆ, ಅವುಗಳ ಪರದೆಯ ಮೇಲಿನ ಅಧಿಕಾರ ಅವುಗಳನ್ನು ಬಳಸುವವರ ಕೈಯಲ್ಲಿ ಉಳಿಯುತ್ತದೆ.